ಐಸ್‌ಕ್ರೀಮ್ ಬಂತು ಅಂತ ಅಪ್ಪ ಕೈ ತೊಳೆಯೋಕೆ ಎದ್ದುಬಿಟ್ರು

ನಮ್ಮಪ್ಪಂಗೆ ಎರಡು ಬರ್ತ್‌ಡೇ. ಒಂದು ಜೂನ್ 1, ಅದು ಸ್ಕೂಲಿಗೆ ಸೇರಿಸ್ಕೊಳ್ಳುವಾಗ ಮೇಷ್ಟ್ರು ಬರ್ಕೊಂಡಿದ್ದು, ಪಾಸ್‌ಪೋರ್ಟಲ್ಲೂ ಅದೇ ಇದೆ, ನಮ್ಮ ಕಡೆ ಆ ವಯಸ್ಸಿನ ಅರ್ಧ ಜನ ಜೂನ್ ಒಂದಕ್ಕೇ ಹುಟ್ಟಿರೋದು ಬಿಡಿ. ಇನ್ನೊಂದು ನಿಜವಾದ್ದು, ಅಜ್ಜಿ ಹೇಳ್ತಿದ್ದಿದ್ದು, ದೀಪಾವಳಿ ಕಳೆದು ಮೂರನೇ ದಿನ. 2024ರ ದೀಪಾವಳಿಗೆ ಅಪ್ಪ ನಮ್ಮನೇಲಿದ್ರು, ಫೀನಿಕ್ಸ್‌ನಲ್ಲಿ, ಅಜ್ಜಿ ಲೆಕ್ಕದಲ್ಲಿ ಅವತ್ತಿಗೆ 75 ತುಂಬ್ತಿತ್ತು. ಅಮ್ಮ ಬಂದಿರ್ಲಿಲ್ಲ. ಕಾಫಿ ಹಣ್ಣಾಗೋ ಟೈಮು, ಇರೋದು ಮೂರೆಕರೆನೇ ಆದ್ರೂ ಆಳು ಕಾಳು ನೋಡ್ಕೊಳ್ಳೋರು ಯಾರು ಅಂತ ಸಕಲೇಶಪುರದಲ್ಲೇ ಉಳ್ಕೊಂಡ್ರು.

ಏನ್ ಮಾಡೋಣ ಅಪ್ಪ ಬರ್ತ್‌ಡೇಗೆ ಅಂತ ಕೇಳಿದೆ. ದೇವಸ್ಥಾನ ಅಂತಾರೆ, ಇಲ್ಲಾಂದ್ರೆ ಗ್ರ್ಯಾಂಡ್ ಕ್ಯಾನಿಯನ್ ಅಂತಾರೆ ಅನ್ಕೊಂಡಿದ್ದೆ. ಸ್ವಲ್ಪ ಹೊತ್ತು ಪೇಪರ್ ಮಡಿಸ್ತಾ ಕೂತಿದ್ರು, ಆಮೇಲೆ "ಈ ದೊರೆಗಳು ಊಟ ಮಾಡ್ತಾರಲ್ಲ, ಬಿಳೀ ಬಟ್ಟೆ ಹಾಸಿ, ಕೋಟ್ ಹಾಕಿರೋನು ತಂದ್ ತಂದ್ ಬಡಿಸ್ತಾನಲ್ಲ, ಅಂಥ ಕಡೆ ಒಂದ್ಸಲ ಕೂರಿಸು. ತಿನ್ನೋದಕ್ಕಲ್ಲ" ಅಂದ್ರು.

ಇದಕ್ಕೆ ಸ್ವಲ್ಪ ಹಿಂದಿನ ಕಥೆ ಹೇಳ್ಬೇಕು. ಅಪ್ಪ 1971ರಲ್ಲಿ ಸಕಲೇಶಪುರದ ಹತ್ರ ಒಂದು ಕಾಫಿ ಎಸ್ಟೇಟಿಗೆ ರೈಟರ್ ಆಗಿ ಸೇರಿದ್ದು. ರೈಟರ್ ಅಂದ್ರೆ ಕಥೆ ಕವನ ಬರಿಯೋನಲ್ಲ, ಲೆಕ್ಕ ಬರಿಯೋನು: ಯಾರು ಕೆಲಸಕ್ಕೆ ಬಂದ್ರು ಯಾರು ಬರ್ಲಿಲ್ಲ, ಎಷ್ಟು ಬುಟ್ಟಿ ಹಣ್ಣು ಕುಯ್ದ್ರು, ಯಾರ ಅಡ್ವಾನ್ಸ್ ಎಷ್ಟು ಮುರ್ಕೋಬೇಕು. ಆ ಪುಸ್ತಕಕ್ಕೆ ಚೆಕ್‌ರೋಲ್ ಅಂತಾರೆ. ಅಷ್ಟೊತ್ತಿಗೆ ಇಂಗ್ಲಿಷ್ ದೊರೆಗಳು ಹೊರಟ್ಹೋಗಿ ಆಗಿತ್ತು, ಆದ್ರೆ ಅವರ ಜಾಗಕ್ಕೆ ಬಂದ ನಮ್ಮೋರಿಗೂ ಆಳುಗಳು ದೊರೆ ಅಂತಾನೇ ಕರೀತಿದ್ರು, ಈಗಲೂ ಕೆಲವು ಕಡೆ ಕರೀತಾರೆ. ವಾರದ ಬಟವಾಡೆಗೆ ಮುಂಚೆ ಚೆಕ್‌ರೋಲ್‌ಗೆ ದೊರೆ ಸೈನ್ ಬೇಕು. ದೊರೆ ಸಂಜೆ ಆದ್ರೆ ಪ್ಲಾಂಟರ್ಸ್ ಕ್ಲಬ್ಬಲ್ಲಿ. ಹಾಗಾಗಿ ಅಪ್ಪ ಮಳೆಗಾಲದಲ್ಲೂ ಕಂಬಳಿ ಕೊಪ್ಪೆ ಹಾಕ್ಕೊಂಡು, ಪುಸ್ತಕನ ರಬ್ಬರ್ ಶೀಟಲ್ಲಿ ಸುತ್ಕೊಂಡು, ಸೈಕಲ್ ತುಳ್ಕೊಂಡು ಕ್ಲಬ್ಬಿಗೆ ಹೋಗಿ ಹಿಂದಿನ ವರಾಂಡದಲ್ಲಿ ನಿಲ್ಲೋದು. ಒಳಗೆ ಹೋಗೋ ಹಾಗಿಲ್ಲ. ಬಟ್ಲರ್ ಬಂದು ಪುಸ್ತಕ ಇಸ್ಕೊಂಡು ಹೋಗೋನು, ದೊರೆ ಊಟದ ಮಧ್ಯೆ ಸೈನ್ ಹಾಕೋರು, ಬಟ್ಲರ್ ವಾಪಸ್ ತಂದ್ಕೊಡೋನು. ಅಪ್ಪ ಹೇಳೋ ಪ್ರಕಾರ ಒಂದು ವರ್ಷದ ಚೆಕ್‌ರೋಲ್ ತುಂಬ ಸೈನ್ ಪಕ್ಕದಲ್ಲಿ ಎಣ್ಣೆ ಕಲೆ, ಹೆಬ್ಬೆರಳಿನದ್ದು, ಬೆಳಕಿಗೆ ಹಿಡಿದ್ರೆ ಕಾಗದದ ಆಚೆ ಕಡೆ ಕಾಣೋದು. ಕ್ಲಬ್ಬಲ್ಲಿ ದುಡ್ಡು ಕೊಡೋ ಪದ್ಧತಿ ಇರ್ಲಿಲ್ಲವಂತೆ, ತಿಂದು ಕುಡಿದು ಒಂದು ಚೀಟಿಗೆ ಸೈನ್ ಹಾಕಿ ಎದ್ಹೋಗೋದು, ತಿಂಗಳ ಕೊನೆಗೆ ಬಿಲ್ಲು ಎಸ್ಟೇಟಿಗೆ ಬರೋದು, ಆ ಚೀಟಿಗಳನ್ನೆಲ್ಲ ಕೂಡಿ ಲೆಕ್ಕ ಹಾಕ್ತಿದ್ದೋರು ಮತ್ತೆ ನಮ್ಮಪ್ಪನೇ. ಯಾರು ಎಷ್ಟು ಸ್ಟೇಕ್ (ದಪ್ಪಗೆ ಕೊಯ್ದು ಸುಟ್ಟ ದನದ ಮಾಂಸ) ತಿಂದ್ರು ಅಂತ ಗೊತ್ತು, ಸ್ಟೇಕ್ ಹೇಗಿರುತ್ತೆ ಅಂತ ಗೊತ್ತಿಲ್ಲ.

ಸರಿ, ಇಷ್ಟಾದ್ಮೇಲೆ ನಾನು ಹುಡುಕೋಕೆ ಕೂತೆ. ಫೀನಿಕ್ಸಲ್ಲಿ ಸ್ಟೇಕ್‌ಹೌಸಿಗೇನ್ ಬರ ಇಲ್ಲ, ಆದ್ರೆ ಈಗಿನ ಸ್ಟೇಕ್‌ಹೌಸ್‌ಗಳಲ್ಲಿ ಕೋಟ್ ಹಾಕಿ ಬಡಿಸೋರು ಇರಲ್ಲ, ಜೋರಾಗಿ ಮ್ಯೂಸಿಕ್ಕು, ಟೇಬಲ್‌ಗೆ ಬಟ್ಟೆ ಇಲ್ಲ, ಸರ್ವರ್ ಬಂದು ಹಾಯ್ ಗೈಸ್ ಅಂತಾನೆ. ಅಪ್ಪಂಗೆ ಬೇಕಾಗಿದ್ದು ಅದಲ್ಲ. ಕೊನೆಗೆ ಇವರೇ (ನಮ್ಮನೆಯವರು, ಉಡುಪಿ ಕಡೆ, ಮೊಟ್ಟೆನೂ ಮುಟ್ಟಲ್ಲ, ಸ್ಟೇಕ್‌ಹೌಸ್ ಐಡಿಯಾ ಕೊಟ್ಟಿದ್ದು ಅವರು ಅನ್ನೋದೇ ತಮಾಷೆ) ಲಾಸ್ ವೇಗಸ್‌ಗೆ ಹೋಗೋಣ, ಅಲ್ಲಿ ಹಳೇ ಕ್ಯಾಸಿನೋ ಹೋಟೆಲ್‌ಗಳ ಒಳಗೆ ಆ ಕಾಲದ ಡೈನಿಂಗ್ ರೂಮ್ ಇನ್ನೂ ಉಳ್ಕೊಂಡಿವೆ ಅಂದ್ರು. ನಿಜನೇ. ವೇಗಸ್‌ನ ಹಳೇ ಹೋಟೆಲ್‌ಗಳಿಗೆ ಊಟ ಅನ್ನೋದು ಜೂಜಾಡೋರನ್ನ ಹಿಡಿದಿಡೋ ಗಾಳ ಆಗಿತ್ತು. ಅಗ್ಗದ್ದು ಬೇಕಾದ್ರೆ ಅಗ್ಗದ್ದು, 1959ರಲ್ಲಿ ಫ್ರೀಮಾಂಟ್ ಸ್ಟ್ರೀಟಿನ ಗೋಲ್ಡನ್ ಗೇಟ್ ಹೋಟೆಲ್‌ನಲ್ಲಿ 50 ಸೆಂಟ್ಸ್‌ಗೆ ಶ್ರಿಂಪ್ ಕಾಕ್‌ಟೇಲ್ (ಗ್ಲಾಸಲ್ಲಿ ಸಾಸ್ ಹಾಕಿ ಕೊಡೋ ಸಿಗಡಿ) ಶುರುಮಾಡಿ ಅದೇ ಊರಿಗೆಲ್ಲ ಫೇಮಸ್ ಆಯ್ತು. ದೊಡ್ಡ ಆಟಗಾರರಿಗೆ ಬೇರೆ, ಕತ್ತಲೆ ಕತ್ತಲೆ ರೂಮು, ಲೆದರ್ ಸೀಟು, ಟೇಬಲ್ ಪಕ್ಕದಲ್ಲೇ ತಳ್ಳುಗಾಡಿ ನಿಲ್ಸಿ ಅಡುಗೆ. ನಾವು ಆರಿಸ್ಕೊಂಡಿದ್ದು ಅದೇ ಫ್ರೀಮಾಂಟ್ ಸ್ಟ್ರೀಟಲ್ಲಿರೋ ಫೋರ್ ಕ್ವೀನ್ಸ್ ಹೋಟೆಲಿನ ಹ್ಯೂಗೋಸ್ ಸೆಲ್ಲರ್. ಹೋಟೆಲ್ ಶುರುವಾಗಿದ್ದು 1966ರಲ್ಲಿ, ಅದನ್ನ ಕಟ್ಟಿದೋರಿಗೆ ನಾಲ್ಕು ಜನ ಹೆಣ್ಣುಮಕ್ಕಳಂತೆ, ಅದಕ್ಕೇ ಆ ಹೆಸರು ಅಂತಾರೆ.

ಫೋನ್ ಮಾಡಿ ಟೇಬಲ್ ಬುಕ್ ಮಾಡ್ದೆ. ಸಂಜೆ ಆರಕ್ಕೆ, ಯಾಕಂದ್ರೆ ಅಪ್ಪ ಏಳೂವರೆ ಮೇಲೆ ಊಟ ಮಾಡಿದ್ರೆ ನಿದ್ದೆ ಬರಲ್ಲ. ನಾಲ್ಕು ಜನ, ಒಬ್ಬರು ಪೂರ್ತಿ ಸಸ್ಯಾಹಾರಿ, ಮಾಂಸದ ಸ್ಟಾಕ್ ಕೂಡ ಹಾಕ್ಬಾರ್ದು ಅಂತ ಎರಡು ಸಲ ಹೇಳ್ದೆ. ಇದೊಂದು ಟಿಪ್ ಅಂತಾನೇ ಇಟ್ಕೊಳ್ಳಿ, ಇಂಥ ಕಡೆಗೆ ವೆಜಿಟೇರಿಯನ್‌ನ ಕರ್ಕೊಂಡು ಹೋಗೋದಾದ್ರೆ ಮುಂಚೆನೇ ಫೋನಲ್ಲಿ ಹೇಳ್ಬಿಡಿ, ಅಲ್ಲಿ ಹೋಗಿ ಕೂತ್ಕೊಂಡು ಹೇಳಿದ್ರೆ ಬೇಯಿಸಿದ ಆಲೂಗಡ್ಡೆನೇ ಗತಿ.

ಫೀನಿಕ್ಸಿಂದ ಐದು ಗಂಟೆ ಡ್ರೈವು, ಸುಮಾರು 300 ಮೈಲಿ. ದಾರೀಲಿ ಹೂವರ್ ಡ್ಯಾಮ್ ಹತ್ರ ನಿಲ್ಸಿ ತೋರಿಸ್ದೆ. ಅಪ್ಪ ಕಂಬಿ ಹಿಡ್ಕೊಂಡು ಕೆಳಗೆ ನೋಡಿ "ಗೊರೂರಿನ್ದು ಇದಕ್ಕಿಂತ ಉದ್ದ" ಅಂದ್ರು. ಉದ್ದ ಹೌದು, ಎತ್ತರದ ಮಾತು ಎತ್ಲೇ ಇಲ್ಲ ಅವರು, ನಾನೂ ಎತ್ಲಿಲ್ಲ.

ಡ್ರೆಸ್ಸಿಂದು ಒಂದು ರಾಮಾಯಣ ಆಯ್ತು. ಅಪ್ಪ ಕೋಟು ತಂದಿರ್ಲಿಲ್ಲ. ನಮ್ಮನೆಯವರದ್ದು ಹಾಕಿ ನೋಡಿದ್ರೆ ಭುಜ ಸರಿ, ಕೈ ಉದ್ದ, ಬೆರಳ ತುದಿ ಮಾತ್ರ ಕಾಣ್ತಿತ್ತು. ಹೋಟೆಲ್ ರೂಮಲ್ಲಿ ಕೂತ್ಕೊಂಡು ಒಳಗಡೆ ಮಡಿಸಿ ಸೇಫ್ಟಿ ಪಿನ್ ಹಾಕ್ದೆ, ಎರಡೂ ಕೈಗೆ. ಊಟ ಮುಗಿಯೋವರೆಗೂ ಆ ಪಿನ್ ಬಿಚ್ಕೊಂಡ್ರೆ ಏನ್ ಗತಿ ಅಂತ ನಂಗೊಂದು ಕಣ್ಣು ಅಲ್ಲೇ.

ಈಗ ಕ್ಯಾಸಿನೋ ದಾಟಬೇಕು. ವೇಗಸ್‌ನಲ್ಲಿ ಎಲ್ಲಿಗೆ ಹೋಗೋಕೂ ಕ್ಯಾಸಿನೋ ಒಳಗಿಂದಾನೇ ಹೋಗ್ಬೇಕು, ಬೇಕಂತಾನೇ ಹಾಗೆ ಕಟ್ಟಿರೋದು. 21 ವರ್ಷ ತುಂಬದಿರೋರು ನಡ್ಕೊಂಡು ದಾಟಬಹುದು, ನಿಲ್ಲೋ ಹಾಗಿಲ್ಲ. ನನ್ನ ಮಗಂಗೆ 14. ಅವನನ್ನ ಕೈ ಹಿಡಿದು ಎಳ್ಕೊಂಡು ಹೋಗ್ತಿದ್ರೆ ಅಪ್ಪ ಹಿಂದೆ ಒಂದು ಸ್ಲಾಟ್ ಮಷೀನ್ ಮುಂದೆ ನಿಂತ್ಬಿಟ್ಟಿದ್ದಾರೆ. ಒಬ್ಬಳು ಅಜ್ಜಿ ಬಟನ್ ಒತ್ತುತಾ ಇದ್ಲು, ಒತ್ತೋದು ನೋಡೋದು ಒತ್ತೋದು ನೋಡೋದು. ಅಪ್ಪ ನನ್ನ ಕಿವೀಲಿ "ಈ ಯಮ್ಮಂಗೆ ಗಂಟೆಗೆ ಎಷ್ಟು ಕೂಲಿ?" ಅಂತ ಕೇಳಿದ್ರು. ಅಲ್ಲಪ್ಪ, ಅವಳೇ ದುಡ್ಡು ಕಟ್ಟಿ ಒತ್ತುತಾ ಇರೋದು ಅಂದೆ. ನಂಬ್ಲಿಲ್ಲ.

ಮೆಟ್ಟಿಲು ಇಳಿದ್ರೆ ಸದ್ದೆಲ್ಲ ಮೇಲೇ ಉಳ್ಕೊಂಡುಬಿಡ್ತು. ಹೆಸರೇ ಸೆಲ್ಲರ್, ನೆಲಮಾಳಿಗೆನೇ. ಇಟ್ಟಿಗೆ ಗೋಡೆ, ತಗ್ಗು ಸೂರು, ಹಳದಿ ಬೆಳಕು, ಕಣ್ಣು ಹೊಂದ್ಕೊಳ್ಳೋಕೆ ಒಂದು ನಿಮಿಷ ಬೇಕು. ಬಾಗಿಲಲ್ಲಿ ನನ್ನ ಕೈಗೆ ಒಂದು ಗುಲಾಬಿ ಕೊಟ್ರು, ಉದ್ದ ಕಡ್ಡಿದು. ಇಲ್ಲಿ ಬರೋ ಹೆಂಗಸರಿಗೆಲ್ಲ ಕೊಡೋದು ಮೊದಲಿಂದ ಬಂದಿರೋ ಪದ್ಧತಿ. ಅಪ್ಪ ತಲೆ ಆಡಿಸಿದ್ರು, ಪರವಾಗಿಲ್ವೇ, ಮುತ್ತೈದೆಗೆ ಹೂ ಕೊಟ್ಟು ಒಳಗೆ ಕರೀತಾರೆ ಅಂತ. ಕುಂಕುಮ ಒಂದಿಲ್ಲ ಅಷ್ಟೇ. ಮುಡ್ಕೋ ಅಂದ್ರು, ಒಂದೂವರೆ ಅಡಿ ಕಡ್ಡಿನ ಎಲ್ಲಿ ಮುಡ್ಕೊಳ್ಳಲಿ.

ನಮ್ಮ ವೇಟರ್ ಅಪ್ಪಂಗಿಂತ ಹತ್ತು ವರ್ಷ ಚಿಕ್ಕೋರಿರ್ಬೇಕು, ಬೆಳ್ಳಗಿನ ತಲೆ, ಕಪ್ಪು ಕೋಟು. ಮೊದಲು ಅಪ್ಪನ ಕುರ್ಚಿ ಎಳೆದ್ರು. ಅಪ್ಪ ಪಕ್ಕಕ್ಕೆ ಸರಿದು ನಿಂತ್ರು! ಅವರು ಕೂರ್ತಾರೇನೋ ಅಂತ ದಾರಿ ಬಿಟ್ಟಿದ್ದು. ಎರಡು ಸೆಕೆಂಡು ಇಬ್ಬರೂ ಒಬ್ಬರನ್ನೊಬ್ಬರು ನೋಡ್ಕೊಂಡು ನಿಂತಿದ್ರು, ಆಮೇಲೆ ಮಗ "ತಾತಾ ಇದು ನಿಂಗೆ" ಅಂತ ಭುಜ ಒತ್ತಿ ಕೂರಿಸಿದ. ನಾಪ್ಕಿನ್ ಬಿಚ್ಚಿ ತೊಡೆ ಮೇಲೆ ಹಾಸಿದಾಗ್ಲೂ ಅಪ್ಪ ಎರಡೂ ಕೈ ಮೇಲೆತ್ಕೊಂಡಿದ್ರು, ಡಾಕ್ಟ್ರು ಬಿಪಿ ನೋಡೋವಾಗ ಕೂತ ಹಾಗೆ. ನಂಗೆ ನಗು ಬಂತು, ಬಂದ ತಕ್ಷಣ ಗಂಟಲು ಕಟ್ಟಿದಂಗಾಯ್ತು, ಮೆನು ಮುಖಕ್ಕೆ ಅಡ್ಡ ಹಿಡ್ಕೊಂಡೆ.

ಅಷ್ಟರಲ್ಲಿ ಅಮ್ಮನ ವಿಡಿಯೋ ಕಾಲ್. ಅಲ್ಲಿ ಬೆಳಗ್ಗೆ ಏಳೂವರೆ, ತಲೆಗೆ ಟವೆಲ್ ಕಟ್ಕೊಂಡು ತೋಟಕ್ಕೆ ಹೊರಟು ನಿಂತಿದ್ದಾರೆ. ಏನ್ ಕತ್ಲೆ ಅದು ಕರೆಂಟ್ ಹೋಗಿದ್ಯಾ ಅಂದ್ರು. ಇಲ್ಲಮ್ಮ ಹಾಗೇ ಇರೋದು ಅಂದೆ. ಅಪ್ಪನ ಕೋಟು ನೋಡಿ ಒಂದು ಕ್ಷಣ ಸುಮ್ನಾಗಿ, ಆಮೇಲೆ ದನ ಗಿನ ತಿನ್ನಿಸ್ಬೇಡ ಅವರಿಗೆ ಅಂದ್ರು. ಜೋರಾಗೇ ಅಂದ್ರು. ಪುಣ್ಯಕ್ಕೆ ಸುತ್ತಮುತ್ತ ಕನ್ನಡದೋರು ಯಾರೂ ಇರ್ಲಿಲ್ಲ.

ಇದೇ ನನ್ನ ತಲೆನೋವಾಗಿದ್ದು. ನಮ್ಮನೇಲಿ ಕೋಳಿ ಕುರಿ ಹಂದಿ ಎಲ್ಲಾ ನಡೆಯುತ್ತೆ, ಕಡುಬು ಹಂದಿ ಸಾರು ಇಲ್ದೆ ಹಬ್ಬ ಆಗಲ್ಲ, ಆದ್ರೆ ದನ ಇಲ್ಲ. ನಾನು ಈ ದೇಶಕ್ಕೆ ಬಂದು 17 ವರ್ಷ, ಆಫೀಸ್ ಡಿನ್ನರ್‌ಗಳಲ್ಲಿ ಶುರುವಾಗಿದ್ದು, ಈಗ ಒಳ್ಳೆ ಸ್ಟೇಕ್ ಅಂದ್ರೆ ನಂಗಿಷ್ಟ. ಊರಲ್ಲಿ ಯಾರಿಗೂ ಹೇಳಿಲ್ಲ. ಕೇಳೋರೂ ಇಲ್ಲ ಅನ್ನಿ.

ಆರ್ಡರ್ ಹೀಗಾಯ್ತು. ಅಪ್ಪಂಗೆ ಕುರಿಮರಿ ಪಕ್ಕೆ, ಅಂದ್ರೆ ರ‍್ಯಾಕ್ ಆಫ್ ಲ್ಯಾಂಬ್. ಇವರಿಗೆ ಮೊದಲೇ ಹೇಳಿಟ್ಟಿದ್ದ ಅಣಬೆ ತರಕಾರಿ ಪಾಸ್ತಾ. ಮಗ ಮೆನು ತೆಗೀದೇನೇ ಪ್ರೈಮ್ ರಿಬ್ (ದನದ ಪಕ್ಕೆ), ಮೀಡಿಯಮ್ ರೇರ್ ಅಂದ. ನಾನು ಮೀನು. ವೇಟರ್ ಒಂದನ್ನೂ ಬರ್ಕೊಳ್ಲಿಲ್ಲ, ಕೈ ಹಿಂದೆ ಕಟ್ಕೊಂಡು ಕೇಳಿಸ್ಕೊಂಡು ಹೋದ್ರು. ಅಪ್ಪಂಗೆ ಇದು ಹಿಡಿಸ್ತು. "ನಮ್ ಹಳೇ ಹೋಟ್ಲು ಮಾಣಿಗಳೂ ಹಂಗೇ, ಹದಿನೈದು ಟೇಬಲ್ ಬಾಯಲ್ಲೇ ಹೇಳೋರು, ಒಂದು ವಡೆ ಆಚೀಚೆ ಆಗ್ತಿರ್ಲಿಲ್ಲ."

ಆಮೇಲೆ ತಳ್ಳುಗಾಡಿ ಬಂತು. ಹ್ಯೂಗೋಸ್‌ನಲ್ಲಿ ಇದೇ ಒಂದು ನಾಟಕ, ಸಾಲಡ್ ನಿಮ್ಮೆದುರೇ ಕಲಸ್ತಾರೆ. ಗಾಡಿ ಮೇಲೆ ಸೊಪ್ಪು, ಟೊಮ್ಯಾಟೊ, ಮೊಟ್ಟೆ, ಅಣಬೆ, ಸಣ್ಣ ಸಿಗಡಿ, ತಾಳೆ ಜಾತಿ ಮರದ ಎಳೇ ತಿರುಳು, ಪೈನ್ ಬೀಜ, ನೀಲಿ ಚೀಸ್, ಒಂದೊಂದೂ ಒಂದೊಂದು ಬಟ್ಟಲಲ್ಲಿ. ನಿಮಗೇನು ಬೇಕು ಅಂತ ಬಟ್ಟಲು ಬಟ್ಟಲು ತೋರಿಸಿ ಕೇಳ್ತಾರೆ. ಅಪ್ಪ ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಅಂತ ಬೆರಳಲ್ಲಿ ತೋರಿಸಿದ್ರು, ಮದುವೆ ಎಲೆ ಮುಂದೆ ಕೂತು ಪಲ್ಯದೋರಿಗೆ ತೋರಿಸ್ತೀವಲ್ಲ ಹಂಗೆ. ಆ ಮರದ ತಿರುಳು ಬಾಯಿಗಿಟ್ಕೊಂಡು ಕಣ್ಣು ಮುಚ್ಚಿ "ಕಳಲೆ" ಅಂದ್ರು. ಕಳಲೆ ಅಲ್ಲ, ಆದ್ರೆ ಅವರು ಹೇಳಿದ್ಮೇಲೆ ನಂಗೂ ಕಳಲೆ ರುಚಿನೇ ಬಂತು, ಹುಳಿ ಬಿಟ್ಟಿರೋ ಕಳಲೆ. ನೀಲಿ ಚೀಸ್ ಮಾತ್ರ ತಟ್ಟೆ ಅಂಚಿಗೆ ಸರಿಸಿ ಇದು ಕೆಟ್ಟಿದೆ ಪಾಪ ಅವರಿಗೆ ಹೇಳ್ಬೇಡ ಅಂದ್ರು.

ಸಾಲಡ್ ತಟ್ಟೆ ಎತ್ಕೊಂಡ್ಹೋದ್ಮೇಲೆ ಬಂದಿದ್ದೇ ಪುಟ್ಟ ಪುಟ್ಟ ಕೋನ್. ಹೆಬ್ಬೆರಳಷ್ಟು ಕೋನು, ಅದರ ಮೇಲೆ ಗೋಲಿಯಷ್ಟು ಸೋರ್ಬೆ, ಅಂದ್ರೆ ಹಾಲಿಲ್ಲದ ಹಣ್ಣಿನ ಐಸ್. ನಾಲಿಗೆ ತೊಳೆಯೋಕೆ ಅಂತ ಮಧ್ಯದಲ್ಲಿ ಕೊಡೋದು ಅದು, ಸಾಲಡ್ ರುಚಿ ಹೋಗಿ ಮುಖ್ಯ ಐಟಮ್‌ಗೆ ನಾಲಿಗೆ ರೆಡಿ ಆಗ್ಲಿ ಅಂತ. ನಂಗೆ ಗೊತ್ತಿತ್ತು, ಅಪ್ಪಂಗೆ ಹೇಳೋದು ಮರ್ತುಬಿಟ್ಟೆ. ಅವರು ಎರಡು ಬಾಯಲ್ಲಿ ಅದನ್ನ ಮುಗಿಸಿ, ನಾಪ್ಕಿನ್ ನೀಟಾಗಿ ನಾಲ್ಕು ಮಡಿಕೆ ಮಾಡಿ ಟೇಬಲ್ ಮೇಲಿಟ್ಟು, ಕುರ್ಚಿ ಹಿಂದಕ್ಕೆ ತಳ್ಳಿ ಎದ್ರು. ಎಲ್ಲಿಗಪ್ಪ ಅಂದ್ರೆ ಕೈ ತೊಳ್ಕೊಂಡು ಬರ್ತೀನಿ ಅಂದ್ರು. ಮುಖದಲ್ಲಿ ಏನೂ ಬೇಜಾರಿಲ್ಲ, ಅದೇ ನಂಗೆ ಇವತ್ತಿಗೂ ಹೊಟ್ಟೆ ಉರಿಸೋದು. ಸೊಪ್ಪು ತಿಂದಾಯ್ತು, ಐಸ್‌ಕ್ರೀಮ್ ಬಂತು, ಊಟ ಮುಗೀತು, ದೊರೆಗಳ ಊಟ ಇಷ್ಟೇ ಇರ್ಬೇಕು ಅಂತ ಒಪ್ಕೊಂಡು ಎದ್ದಿದ್ರು ಮನುಷ್ಯ. ಐದು ಗಂಟೆ ಕಾರಲ್ಲಿ ಕೂತು ಬಂದು. ನಮ್ ಕಡೆ ಐಸ್‌ಕ್ರೀಮ್ ಬಂತು ಅಂದ್ರೆ ಮುಂದಿನದು ಬೀಡಾ, ಅದರಾಚೆ ಚಪ್ಪಲಿ ಹುಡುಕೋದೇ ಅಲ್ವಾ.

ಮಗ ಬಿದ್ದು ಬಿದ್ದು ನಕ್ಕ. ವೇಟರ್ ಓಡಿ ಬಂದ್ರು ಏನಾದ್ರೂ ತೊಂದರೆನಾ ಅಂತ. ನಾನು ವಿಷಯ ಹೇಳ್ದೆ. ಆತ ನಗ್ಲಿಲ್ಲ. ಅಪ್ಪನ ಕಡೆ ಬಗ್ಗಿ, ಸರ್, ಅಡುಗೆ ಮನೆಯೋರು ನಿಮಗೋಸ್ಕರಾನೇ ಇನ್ನೂ ಕೆಲಸ ಮಾಡ್ತಿದ್ದಾರೆ ಅಂತ ನಿಧಾನಕ್ಕೆ ಹೇಳಿ, ಮಡಿಸಿಟ್ಟ ನಾಪ್ಕಿನ್ ತೆಗೆದು ಬೇರೇದು ಹಾಸಿದ್ರು. ಅಪ್ಪಂಗೆ ಇಂಗ್ಲಿಷ್ ಚೆನ್ನಾಗೇ ಅರ್ಥ ಆಗುತ್ತೆ. ಕೂತ್ರು. ಈ ಸಲ ಕೈ ಮೇಲೆತ್ಲಿಲ್ಲ.

ಮುಖ್ಯ ತಟ್ಟೆಗಳು ಬಂದ್ವು. ಅಪ್ಪನ ಕುರಿಮರಿ ಪಕ್ಕೆ ಮೂಳೆಗಳು ಒಂದಕ್ಕೊಂದು ಆನ್ಕೊಂಡು ಕಟ್ಟಿಗೆ ಒಟ್ಟಿದ ಹಾಗೆ ನಿಂತಿದ್ವು, ಮೂಳೆ ತುದಿ ಕೆರೆದು ಬೆಳ್ಳಗೆ ಮಾಡಿದ್ರು, ಹೊರಗೆ ಕಂದು ಬಣ್ಣದ ಹೊರಪದರ ಹೊಳೀತಿತ್ತು. ಚಾಕು ಫೋರ್ಕ್ ಹಿಡಿದು ಒಂದೈದು ನಿಮಿಷ ಒದ್ದಾಡಿದ್ರು. ಪಿನ್ ಹಾಕಿದ ಕೈ ಬೇರೆ. ಆಮೇಲೆ ಅಕ್ಕಪಕ್ಕ ನೋಡಿ ಮೂಳೆನ ಬೆರಳಲ್ಲಿ ಹಿಡ್ಕೊಂಡ್ರು, ಅದನ್ನ ಹಾಗೆ ಹಿಡಿಯೋಕೇ ಮೂಳೆ ಬಿಟ್ಟಿರೋದು ಅಪ್ಪ ಅಂತ ನಾನೂ ಹೇಳ್ದೆ. ಅಲ್ಲಿಂದ ಮುಂದೆ ಮಾತಿಲ್ಲ.

ಮಗಂದು ಪ್ರೈಮ್ ರಿಬ್. ಪ್ರೈಮ್ ಅಂದ ತಕ್ಷಣ ಎಲ್ಲರೂ ಅದು ಯುಎಸ್‌ಡಿಎ (ಇಲ್ಲಿನ ಕೃಷಿ ಇಲಾಖೆ) ಕೊಡೋ ಎಲ್ಲಕ್ಕಿಂತ ಮೇಲಿನ ಪ್ರೈಮ್ ಗ್ರೇಡ್ ಅನ್ಕೋತಾರೆ, ನಾನೂ ಅನ್ಕೊಂಡಿದ್ದೆ, ಹಾಗೇನಿಲ್ಲ, ಅದು ಪಕ್ಕೆ ಭಾಗದ ರೋಸ್ಟ್‌ಗೆ ಬಂದಿರೋ ಹಳೇ ಹೆಸರು, ಅದಕ್ಕಿಂತ ಕೆಳಗಿನ ಚಾಯ್ಸ್ ಗ್ರೇಡ್ ಮಾಂಸಕ್ಕೂ ಪ್ರೈಮ್ ರಿಬ್ ಅನ್ನಬಹುದು. ಸ್ಟೇಕ್ ತರ ಬೆಂಕಿ ಮೇಲೆ ಸುಡಲ್ಲ ಇದನ್ನ. ದೊಡ್ಡ ತುಂಡನ್ನ ಮೂಳೆ ಸಮೇತ ಕಡಿಮೆ ಬಿಸೀಲಿ ಗಂಟೆಗಟ್ಟಲೆ ಬೇಯಿಸಿ, ಆಮೇಲೆ ಹಲಗೆ ದಪ್ಪಕ್ಕೆ ಕೊಯ್ದು ಕೊಡ್ತಾರೆ, ಅದಕ್ಕೇ ಅಂಚಿಂದ ಅಂಚಿಗೆ ಒಂದೇ ಗುಲಾಬಿ ಬಣ್ಣ. ಮೀಡಿಯಮ್ ರೇರ್ ಅಂದ್ರೆ ಮಧ್ಯದಲ್ಲಿ 55 ಡಿಗ್ರಿ ಸೆಲ್ಸಿಯಸ್ ಆಸುಪಾಸು. ತಟ್ಟೇಲಿ ಕೆಂಪು ನೀರು ನಿಂತಿತ್ತು. ಅಪ್ಪ ಅದನ್ನ ನೋಡಿ "ಬೆಂದಿಲ್ವಲ್ಲೋ, ರಕ್ತ" ಅಂದ್ರು. ಮಗ ಬಯಾಲಜಿ ಕ್ಲಾಸ್ ಶುರುಮಾಡಿದ: ರಕ್ತ ಅಲ್ಲ ತಾತಾ, ಕಡಿದಾಗ್ಲೇ ರಕ್ತ ಹೋಗಿರುತ್ತೆ, ಇದು ಮಾಂಸಖಂಡದೊಳಗಿರೋ ಮಯೋಗ್ಲೋಬಿನ್, ನೀರು ಸೇರಿ ಕೆಂಪಾಗಿ ಕಾಣುತ್ತೆ. ಅಪ್ಪ ಹ್ಞೂಂ ಹ್ಞೂಂ ಅಂದ್ರು, ನಂಬದೆ ಇರೋವಾಗ ಅನ್ನೋ ಹ್ಞೂಂ.

ಆದ್ರೆ ಪಕ್ಕದಲ್ಲಿದ್ದ ಬಿಳೀ ಹಾರ್ಸ್‌ರ‍್ಯಾಡಿಷ್ ಅನ್ನೋ ಬೇರಿನ ಕ್ರೀಮ್ ಮೇಲೆ ಅವರ ಕಣ್ಣು ಬಿತ್ತು. ಬೆಣ್ಣೆ ಅನ್ಕೊಂಡು ಒಂದು ಚಮಚ ತೆಗೆದು ತಮ್ಮ ಕುರಿ ಮಾಂಸಕ್ಕೆ ಸವರಿ ಬಾಯಿಗಿಟ್ಕೊಂಡ್ರು. ಮೂಗಿಂದ ನೆತ್ತಿಗೆ ಹೋಗಿರ್ಬೇಕು, ಟೇಬಲ್ ಹಿಡ್ಕೊಂಡು ಕೂತ್ಬಿಟ್ರು, ಕಣ್ಣಲ್ಲಿ ನೀರು. ನಾನು ನೀರು ನೀರು ಅಂತ ಗ್ಲಾಸ್ ಕೊಟ್ರೆ ಕೈ ಅಡ್ಡ ಹಿಡಿದು "ಸಾಸಿವೆ!" ಅಂದ್ರು. ಖುಷೀಲಿ. ಅದು ಸರಿ ಕೂಡ, ಸಾಸಿವೆ ಅರೆದಾಗ ಮೂಗಿಗೆ ಹೊಡೆಯೋ ಖಾರ ಯಾವ್ದೋ ಅದೇ ಈ ಬೇರಲ್ಲೂ ಇರೋದು, ಎರಡೂ ಒಂದೇ ಕುಟುಂಬದ ಗಿಡಗಳು. ಮಗನ ಬಟ್ಟಲು ತಮ್ಮ ಕಡೆ ಎಳ್ಕೊಂಡ್ರು. ಸಪ್ಪೆ ಊಟ ಹೇಗಪ್ಪ ಮುಗಿಸ್ತಾರೆ ಅಂತ ನಂಗಿದ್ದ ಚಿಂತೆ ಅಲ್ಲಿಗೆ ಮುಗೀತು.

ಎಲ್ಲಾ ಚೆನ್ನಾಗಿ ನಡೀತಿತ್ತು, ಆವಾಗ ನನ್ನ ಮುತ್ತು ಬಾಯಿಬಿಟ್ಟ. "ಅಮ್ಮಾ, ನೀನ್ಯಾಕೆ ಇವತ್ತು ಫಿಶ್? ಯಾವಾಗ್ಲೂ ಫಿಲೆ ತಾನೇ ತಗೊಳ್ಳೋದು?" ಫಿಲೆ ಅಂದ್ರೆ ದನದ ಸ್ಟೇಕೇ. ಕನ್ನಡ ಮಾತಾಡು ಮಾತಾಡು ಅಂತ ಹತ್ತು ವರ್ಷದಿಂದ ಬೆನ್ನು ಬಿದ್ದಿದ್ದೀನಿ, ಅವತ್ತು ಎಷ್ಟು ಸ್ಪಷ್ಟವಾಗಿ ಬಂತು ನೋಡಿ. ಇವರು ಪಾಸ್ತಾದಲ್ಲಿ ಏನೋ ಕಳ್ಕೊಂಡೋರ ತರ ತಟ್ಟೆ ನೋಡ್ತಾ ಕೂತ್ರು. ಅಪ್ಪ ಮೂಳೆ ಕೆಳಗಿಟ್ರು. ಬೆರಳು ಒರೆಸ್ಕೊಂಡ್ರು, ಒಂದೊಂದಾಗಿ, ಐದೂ ಬೆರಳು. ಹಿಂದಿನ ಟೇಬಲ್ಲಲ್ಲಿ ಯಾರೋ ಕಾದ ಕಲ್ಲಿನ ಮೇಲೆ ತಾವೇ ಮಾಂಸ ಬೇಯಿಸ್ಕೋತಿದ್ರು, ಹಾಟ್ ರಾಕ್ ಅಂತ ಇಲ್ಲಿ ಅದೂ ಒಂದು ಸ್ಪೆಷಲ್ಲು, ಆ ಚುರ್ ಅನ್ನೋ ಸದ್ದು ಬಿಟ್ರೆ ಇನ್ನೇನೂ ಕೇಳಿಸ್ಲಿಲ್ಲ ನಂಗೆ.

"ಮೀನು ತಣ್ಣಗಾಗುತ್ತೆ, ತಿನ್ನು" ಅಂದ್ರು ಅಪ್ಪ. ಇನ್ನೊಂದು ಮೂಳೆ ಎತ್ಕೊಂಡ್ರು.

ಅಷ್ಟೇ. ಅವತ್ತೂ ಇಲ್ಲ, ಆಮೇಲೂ ಇಲ್ಲ.

ಸ್ವಲ್ಪ ಹೊತ್ತಾದ್ಮೇಲೆ ಮೂಗು ಎತ್ತಿ ಗಾಳಿ ಎಳ್ಕೊಂಡು, ಆ ಕಲ್ಲಿನ ಟೇಬಲ್ ಕಡೆ ಗದ್ದ ತೋರಿಸಿ, ಇದೇ ವಾಸನೆ ವರಾಂಡಕ್ಕೆ ಬರ್ತಿದ್ದಿದ್ದು ಅಂದ್ರು. ಮಳೆಗಾಲದಲ್ಲಿ ಜಾಸ್ತಿ ಬರೋದಂತೆ. ಕಂಬಳಿ ಒದ್ದೆ ವಾಸನೆ, ಅದರ ಜೊತೆ ಇದು. ಬಟ್ಲರ್ ಪುಸ್ತಕ ತರೋದು ತಡ ಆದ್ರೆ ಹಸಿವಾಗೋದಂತೆ, ಮನೆಗೆ ಹೋಗಿ ಅಕ್ಕಿ ರೊಟ್ಟಿ ತಿಂದ್ರೂ ಆ ಹಸಿವು ಹೋಗ್ತಿರ್ಲಿಲ್ಲವಂತೆ. ಇಷ್ಟು ಹೇಳಿ ಬೇಯಿಸಿದ ಆಲೂಗಡ್ಡೆ ಬಗ್ಗೆ ವಿಚಾರಿಸೋಕೆ ಶುರುಮಾಡಿದ್ರು, ಸಿಪ್ಪೆ ತಿನ್ನಬಹುದಾ, ತೊಳೆದಿರ್ತಾರಾ ಅಂತ.

ಸ್ವೀಟಿಗೆ ಚಾಕೊಲೇಟಲ್ಲಿ ಅದ್ದಿದ ಸ್ಟ್ರಾಬೆರಿ, ಅಂಜೂರ, ಒಣಗಿದ ಏಪ್ರಿಕಾಟ್, ಜೊತೆಗೆ ಕ್ರೀಮು. ಇದು ಊಟದ ಜೊತೆಗೇ ಬರುತ್ತೆ, ಬೇರೆ ದುಡ್ಡಿಲ್ಲ. ಅಪ್ಪ ಅಂಜೂರ ಒಂದು ತಿಂದು, ಈಗ ಮುಗೀತಾ ಅಂತ ವೇಟರ್ ಮುಖ ನೋಡಿದ್ರು. ಆತ ಈಗ ಮುಗೀತು ಸರ್ ಅನ್ನೋ ತರ ತಲೆ ಬಗ್ಗಿಸಿದ್ರು. ಇಬ್ಬರೂ ನಕ್ರು. ಆಮೇಲೇ ಅಪ್ಪ ನಾಪ್ಕಿನ್ ಮಡಿಸಿದ್ದು.

ಬಿಲ್ಲು ಕಪ್ಪು ಲೆದರ್ ಫೋಲ್ಡರಲ್ಲಿ ಬಂತು, ವೇಟರ್ ಅದನ್ನ ಅಪ್ಪನ ಮುಂದೆ ಇಟ್ರು, ಹಿರಿಯರು ಅಂತ. ನಾನು ಕೈ ಚಾಚೋಷ್ಟರಲ್ಲಿ ಅಪ್ಪ ಕನ್ನಡಕ ಹಾಕ್ಕೊಂಡು ಓದೋಕೆ ಶುರುಮಾಡಿಬಿಟ್ಟಿದ್ರು. ಮೇಲಿಂದ ಕೆಳಗೆ, ಬೆರಳಿಟ್ಟು, ತುಟಿ ಅಲ್ಲಾಡಿಸ್ತಾ. ನಲವತ್ತು ವರ್ಷ ಚೆಕ್‌ರೋಲ್ ಕೂಡಿದ ಬಾಯಿ ಅದು. ಊಟ 356 ಡಾಲರ್, ಟ್ಯಾಕ್ಸು 8.375 ಪರ್ಸೆಂಟು, ಒಟ್ಟು 385.82. ಕೂಡಿದ್ದು ಸರಿಯಾಗಿದೆ ಅಂತ ಸರ್ಟಿಫಿಕೇಟ್ ಕೊಟ್ರು. ಕಾರ್ಡ್ ಹಾಕಿ ಸ್ಲಿಪ್ ಬಂದ್ಮೇಲೆ ಟಿಪ್ ಅಂತ ಖಾಲಿ ಗೆರೆ ಇರುತ್ತಲ್ಲ, ಅದೇನು ಅಂದ್ರು. ಬಡಿಸಿದೋರಿಗೆ, 20 ಪರ್ಸೆಂಟ್ ಕೊಡೋದು ಇಲ್ಲಿ ರೂಢಿ ಅಂದೆ. ನಾನು ಅನ್ಕೊಂಡೆ ಈಗ ಶುರುವಾಗುತ್ತೆ, ಎಪ್ಪತ್ತು ಡಾಲರ್ ಅಂದ್ರೆ ರೂಪಾಯಿಗೆ ಎಷ್ಟು ಗೊತ್ತಾ ಅಂತ. ಅಪ್ಪ ಹೇಳಿದ್ದೇ ಬೇರೆ. "ನಮ್ ಕೆಲಸದೋರ ಬೋನಸ್ ಆಕ್ಟಲ್ಲೂ 20 ಪರ್ಸೆಂಟೇ ಮೇಲಿನ ಮಿತಿ. ಕನಿಷ್ಠ 8.33 ಕೊಟ್ಟು ಕೈ ತೊಳ್ಕೊಳ್ಳೋರೇ ಜಾಸ್ತಿ, ಒಳ್ಳೆ ವರ್ಷ ಯಾವನಾದ್ರೂ ಪುಣ್ಯಾತ್ಮ 20 ಕೊಡ್ತಿದ್ದ. ಈ ಮನುಷ್ಯನಿಗೆ ಕೊಡು." ಟಿಪ್ ಲೆಕ್ಕ ಅವರೇ ಹಾಕಿದ್ರು, ಟ್ಯಾಕ್ಸ್ ಬಿಟ್ಟು, 71.20, ಮನಸ್ಸಲ್ಲೇ, ಮಗ ಫೋನಲ್ಲಿ ಕ್ಯಾಲ್ಕ್ಯುಲೇಟರ್ ತೆಗೆಯೋಕೆ ಮುಂಚೆ. ಅಂಕಿ ತಾವೇ ಬರೆದ್ರು. ಏಳನ್ನ ಒಂದು ಅಂತ ಯಾರೂ ತಿದ್ದಬಾರದು ಅಂತ ಮಧ್ಯೆ ಅಡ್ಡಗೆರೆ ಎಳೆದ್ರು.

ಆಮೇಲೆ ಫೋಲ್ಡರ್ ನನ್ನ ಕಡೆ ತಿರುಗಿಸಿ ಎರಡೂ ಕೈಯಲ್ಲಿ ಚಾಚಿದ್ರು, ಪೆನ್ನನ್ನ ಮೇಲೆ ಅಡ್ಡ ಇಟ್ಟು, ಸೈನ್ ಮಾಡೋ ಜಾಗಕ್ಕೆ ಸರಿಯಾಗಿ. ಹಾಗೆ ಚಾಚೋಕೆ ಯಾರೂ ಕಲಿಸಬೇಕಾಗಿಲ್ಲ ಅವರಿಗೆ. ಆವಾಗ ನಂಗೆ ಆ ಎಣ್ಣೆ ಕಲೆ ನೆನಪಾಯ್ತು.

ನಾನು ಫೋಲ್ಡರನ್ನ ವಾಪಸ್ ತಿರುಗಿಸಿ ಅವರ ಮುಂದೆ ತಳ್ಳಿದೆ. ನೀವೇ ಹಾಕಿ ಅಂದೆ. "ಕಾರ್ಡ್ ನಿಂದು, ನಾನು ಹಾಕಿದ್ರೆ ತಪ್ಪಾಗಲ್ವಾ" ಅಂತ ಗಾಬರಿ ಆದ್ರು. ಪರವಾಗಿಲ್ಲ ಹಾಕಿ ಅಂದೆ. ಬಾಗಿಲ ಕಡೆ ಒಂದ್ಸಲ ನೋಡಿದ್ರು, ಪಿನ್ ಹಾಕಿದ ಕೋಟಿನ ಕೈ ಸ್ವಲ್ಪ ಮೇಲೆಳ್ಕೊಂಡ್ರು, ಬೆರಳು ಇನ್ನೊಂದ್ಸಲ ನಾಪ್ಕಿನ್‌ಗೆ ಒರೆಸ್ಕೊಂಡ್ರು, ಮತ್ತೆ ಕನ್ನಡದಲ್ಲಿ, ಪೂರ್ತಿ ಹೆಸರು, ಇನಿಷಿಯಲ್ ಸಮೇತ, ಒತ್ತಕ್ಷರ ಎಲ್ಲಾ ಬಿಡಿಸಿ, ಕೆಳಗೆ ಎರಡು ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಹಾಕಿ ಸೈನ್ ಮಾಡಿದ್ರು.

ಬ್ಯಾಂಕಿಂದ ಇವತ್ತಿನವರೆಗೂ ಯಾವ ಫೋನೂ ಬಂದಿಲ್ಲ.